ಹರಿಹರದ ಸಾಹೇಬರ ಜರ್ಮನಿ ಕಾಫಿ

ಕಾಫಿಪುಡಿ ಮಾರುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಯಾರಾದರೂ ಕೇಳಿದರೆ, ಅವರನ್ನು ದಾವಣಗೆರೆಯ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಸುಮ್ಮನೆ ನೋಡ್ರಿ ಅನ್ನುತ್ತೇನೆ. ಬೀಜ ಹುರಿಯುವ ಘಮಕ್ಕೆ ಎಂಥೆಂಥವರೋ ಬರುತ್ತಾರೆ. ಪುಡಿ ಒಯ್ಯುತ್ತಾರೆ, ಬದಲಿಗೆ ಒಂದು ಫಜೀತಿ ಬಿಟ್ಟು ಹೋಗುತ್ತಾರೆ.

ನನಗೆ ಹೆಚ್ಚು ಫಜೀತಿ ತಂದ ಗಿರಾಕಿ ಹರಿಹರದ ಕಾರ್ಖಾನೆಯ ಒಬ್ಬ ಎಂಜಿನಿಯರು. ದಾವಣಗೆರೆಯ ಅಳಿಯ. ತರಬೇತಿಗೆಂದು ಜರ್ಮನಿಗೆ ಹೋಗಿ ಬಂದವರು. ಬೇರೆಯವರು ಪರದೇಶದಿಂದ ಗಡಿಯಾರ, ರೇಡಿಯೊ ತಂದರೆ ಇವರು ಒಂದು ರುಚಿಯನ್ನು ನಾಲಗೆಯ ಮೇಲೆ ಹೊತ್ತುಕೊಂಡು ಬಂದರು. ಕಾಫಿ ಡಿಕಾಕ್ಷನ್, ಸಕ್ಕರೆ ಪಾಕ, ಬ್ರಾಂದಿ, ಈ ಮೂರನ್ನೂ ಸೇರಿಸಿ, ಐಸು ಹಾಕಿ, ಚೆನ್ನಾಗಿ ಕುಲುಕಿ ಕುಡಿಯುವ ಒಂದು ಪೇಯ. ಅದನ್ನು ಹರಿಹರದ ತಮ್ಮ ಮನೆಯಲ್ಲೇ ಮಾಡಿ ಕುಡಿಯಬೇಕು ಅಂತ ಅವರ ಹಟ. ನಮ್ಮ ಕಡೆ ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಆದರೆ ಹಟಕ್ಕೆ ಕಾನೂನು ಎಲ್ಲಿ ಗೊತ್ತಾಗುತ್ತದೆ?

ಹುಂಜದ ಬಾಲ

ಮೊದಲ ಸಲ ಬಂದಾಗ ಅವರು ಬೆಂಚಿನ ಮೇಲೆ ಕೂತು, "ಸಾವ್ಕಾರ್ರೆ, ಚಿಕೋರಿ ಹಾಕದ ಪುಡಿ ಕೊಡ್ರಿ," ಅಂದರು.

"ಚಿಕೋರಿ ಇಲ್ದಿದ್ರೆ ಹಾಲಿಗೆ ಬಣ್ಣ ಹತ್ತಲ್ರಿ ಸಾಹೇಬ್ರೆ."

"ಹಾಲಿಗಲ್ರಿ, ಬ್ರಾಂದಿಗೆ."

ನಮ್ಮಂಥವರಿಗೆ ಆಗ ಬ್ರಾಂದಿ ಅಂದರೆ ಔಷಧಿ. ಮಗುವಿಗೆ ಎದೆ ಕಟ್ಟಿದರೆ ಚಮಚದ ತುದಿಯಲ್ಲಿ ನೆಕ್ಕಿಸುವಂಥದ್ದು. ನಾನು ಗಾಬರಿಯಾಗಿ, "ಯಾಕ್ರಿ, ಮನ್ಯಾಗ ಯಾರಿಗೆ ಹುಷಾರಿಲ್ಲ?" ಎಂದೆ.

"ಎಲ್ಲಾರೂ ಗಟ್ಟಿಮುಟ್ಟಾಗಿ ಅದಾರೆ. ಇದು ಔಷಧಿ ಅಲ್ರಿ, ಕಾಕ್‌ಟೇಲ್."

"ಹಂಗಂದ್ರೆ?"

ನನಗೆ ಅರ್ಥವಾಗಲಿ ಎಂದು, ಪಾಪ, ಅವರು ಸ್ವಲ್ಪ ಯೋಚಿಸಿ ಕನ್ನಡದಲ್ಲೇ ಹೇಳಿದರು. "ಹುಂಜದ ಬಾಲ."

ಹಿಂದೆ ಪರದೆಯ ಆ ಕಡೆ ನಮ್ಮವ್ವ ಬೀಜ ಆರಿಸುತ್ತಾ ಕೂತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿದಾಕೆ. ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವಾಕೆ. ಮೊರ ಅಲ್ಲೇ ಬಿಟ್ಟು ಹೊರಗೆ ಬಂದಳು.

"ತಮ್ಮಾ, ಇವ್ರು ನಮ್ಮ ಪುಡಿ ಹಾಕಿ ಕೋಳಿ ಬೇಯಿಸ್ತಾರೇನೋ?"

"ಇಲ್ರಿ ಅವ್ವಾರೆ," ಎಂದು ಎಂಜಿನಿಯರು ಎದ್ದು ನಿಂತರು. "ಅದ್ರಾಗ ಕೋಳಿ ಇರಲ್ರಿ. ಬರೀ ಹೆಸರು ಹಂಗೈತೆ."

"ಬಾಲ ಐತೆ ಅಂದ್ಮ್ಯಾಲೆ ಕೋಳಿ ಎಲ್ಲಿಗೆ ಹೋತು?"

ಜರ್ಮನಿಯಲ್ಲಿ ಅವರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಪೊಟ್ಟಣ ಎತ್ತಿಕೊಂಡು ಹೊರಟೇಬಿಟ್ಟರು. ಅವ್ವ ಪುಡಿ ಮಾಡುವ ಮಿಷನ್ನಿಗೆ ನೀರು ಚಿಮುಕಿಸಿ, ವಿಭೂತಿ ಬಳಿದು, ಊದಿನಕಡ್ಡಿ ಬೆಳಗಿದಳು. ಅಲ್ಲಿಗೂ ಸಮಾಧಾನವಾಗಲಿಲ್ಲ. ಎಷ್ಟೋ ದಿನಗಳವರೆಗೆ, ಮಠದ ಅಯ್ಯನವರೇ ಬಂದು ಪುಡಿ ಕೇಳಿದರೂ, ಕೊಡುವ ಮುಂಚೆ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದಳು. "ಹಾಲಿಗೋ, ಕೋಳಿಗೋ?"

ಡಾಕ್ಟರ ಚೀಟಿ

ಪುಡಿ ಸಿಕ್ಕಿತು, ಬ್ರಾಂದಿ ಸಿಗಬೇಕಲ್ಲ. ಪರ್ಮಿಟ್ ಬೇಕು. ಪರ್ಮಿಟ್ಟಿಗೆ ಡಾಕ್ಟರ ಚೀಟಿ ಬೇಕು. ನಮ್ಮ ಅಂಗಡಿಯ ಎದುರಿಗೇ ಒಬ್ಬ ಡಾಕ್ಟರು ಇದ್ದರು. ಬಲು ಕಟ್ಟುನಿಟ್ಟಿನ ಮನುಷ್ಯ. ಕೆಮ್ಮಿದವನನ್ನೂ ಯಾಕೆ ಕೆಮ್ಮಿದೆ ಎಂದು ಗದರಿಸುವವರು. ಎಂಜಿನಿಯರು ಅವರ ಮುಂದೆ ಹೋಗಿ ಕೂತರು.

"ಏನಾಗೈತ್ರಿ?"

"ನಿದ್ದೆ ಬರಲ್ರಿ ಡಾಕ್ಟ್ರೇ. ಯಾರೋ ಹೇಳಿದ್ರು, ಸ್ವಲ್ಪ ಬ್ರಾಂದಿ ತಗೊಂಡ್ರೆ..."

"ಅದಿರ್ಲಿ. ಕಾಫಿ ಕುಡಿತೀರೇನು?"

ಎಂಜಿನಿಯರು ನಿದ್ದೆಯ ವಿಷಯದಲ್ಲಿ ಸುಳ್ಳು ಹೇಳಿ ಆಗಿತ್ತು. ಎರಡನೇ ಸುಳ್ಳು ಬೇಡ ಎಂದು, "ಲೋಟಗಟ್ಟಲೆ ಕುಡಿತೀನ್ರಿ," ಅಂದುಬಿಟ್ಟರು.

ಡಾಕ್ಟರು ಕಳ್ಳ ಸಿಕ್ಕಿದ ಖುಷಿಯಲ್ಲಿ ಪರಪರ ಬರೆದು ಚೀಟಿ ಕೊಟ್ಟರು. ಬೀದಿಗೆ ಬಂದು ಓದಿ ನೋಡಿದರೆ: ಮಲಗುವ ಮುಂಚೆ ಸ್ವಲ್ಪ ಬ್ರಾಂದಿ ಅವಶ್ಯ, ಕಾಫಿ ಮುಟ್ಟಲೇಕೂಡದು!

"ನಾನು ಕಿಟಕ್ಯಾಗಿಂದ ನೋಡ್ತಿರ್ತೀನಿ," ಎಂದು ಡಾಕ್ಟರು ಒಳಗಿನಿಂದಲೇ ಕೂಗಿದರು. "ಆ ಅಂಗಡಿ ಕಡೆ ಕಾಲಿಟ್ರೆ ಚೀಟಿ ಹರಿದು ಹಾಕ್ತೀನಿ."

ಆಮೇಲೊಂದು ದಿನ ನಮ್ಮ ಅಂಗಡಿಗೆ ಒಬ್ಬರು ಬಂದರು. ಬಿರುಬೇಸಿಗೆಯಲ್ಲಿ ತಲೆಗೆ ಮಫ್ಲರು, ಕಣ್ಣಿಗೆ ಕಪ್ಪು ಕನ್ನಡಕ. ಬೆವರು ಧಾರಾಕಾರ ಇಳಿಯುತ್ತಿದೆ. "ಸಾವ್ಕಾರ್ರೆ, ನಾನ್ರಿ," ಎಂದು ಪಿಸುಗುಟ್ಟಿದರು. "ಪುಡಿನ ಬೇರೆ ಏನೋ ಅಂತ ಕಾಣೋ ಹಂಗೆ ಕಟ್ರಿ." ನಾನು ಮಂಡಕ್ಕಿ ಚೀಲದ ತಳದಲ್ಲಿ ಪೊಟ್ಟಣ ಇಟ್ಟು, ಮೇಲೆ ಮಂಡಕ್ಕಿ ಸುರಿದು ಕೊಟ್ಟೆ. ಅವರ ಇನ್ನೊಂದು ಕೈಯಲ್ಲಿ ಪರ್ಮಿಟ್ಟಿನ ಬ್ರಾಂದಿ ಬಾಟಲಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಂಗಡಿ ದಾಟಿ ಮಫ್ಲರು, ಕನ್ನಡಕ ತೆಗೆದಾಗ ಡಾಕ್ಟರು ಕಿಟಕಿಯಿಂದ ಆ ಬಾಟಲಿ ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

ಪಾನನಿರೋಧದ ಅಷ್ಟೂ ಕಾಲದಲ್ಲಿ, ಬ್ರಾಂದಿಯನ್ನು ರಾಜಾರೋಷವಾಗಿ ಹಿಡಿದುಕೊಂಡು, ಕಾಫಿಪುಡಿಯನ್ನು ಕದ್ದುಮುಚ್ಚಿ ಸಾಗಿಸಿದವರು ನಮ್ಮೂರಲ್ಲಿ ಇವರೊಬ್ಬರೇ.

ಎಷ್ಟೆಳೆ ಪಾಕ?

ಎಂಜಿನಿಯರ ಹೆಂಡತಿ ಪಾಕ ಹಿಡಿಯುವುದರಲ್ಲಿ ಎತ್ತಿದ ಕೈ. ಆಕೆಗೆ ಗಂಡನ ಈ ಹುಚ್ಚು ಇಷ್ಟವಿರಲಿಲ್ಲ. ಆದರೆ ಬೇರೆಯವರು ತನ್ನ ಒಲೆಯ ಮೇಲೆ ಸಕ್ಕರೆ ಕೆಡಿಸುವುದು ಅದಕ್ಕಿಂತಲೂ ಇಷ್ಟವಿರಲಿಲ್ಲ.

"ಎಷ್ಟೆಳೆ ಪಾಕ ಬೇಕ್ರಿ? ಒಂದೆಳೆನೋ, ಎರಡೆಳೆನೋ?"

ಎಂಜಿನಿಯರಿಗೆ ಎಳೆಯ ಲೆಕ್ಕ ತಿಳಿಯಲಿಲ್ಲ. "ಎಳೆ ಅಂದ್ರೆ ಎಷ್ಟು ದಪ್ಪ?"

"ಎಳೆ ಅಂದ್ರೆ ಎಳೆ. ಬೆರಳಿಗೆ ಹಚ್ಚಿ ಎಳೆದ್ರೆ ಬರೋದು."

"ಯಾರ ಬೆರಳು? ನಿಂದೊಂದು ಥರ, ನಂದೊಂದು ಥರ. ಹಿಂಗೆ ಅಂದಾಜಿನ ಮ್ಯಾಲೆ ಕೆಲ್ಸ ಮಾಡಿದ್ರೆ ದೇಶ ಮುಂದೆ ಬರಲ್ಲ."

ಹೀಗೆ ಹೇಳಿದವರೇ ಸೈಕಲ್ ಹತ್ತಿ ಕಾರ್ಖಾನೆಗೆ ಹೋಗಿ ಮೈಕ್ರೋಮೀಟರ್ ತಂದರು. ಕೂದಲಿನ ದಪ್ಪ ಅಳೆಯುವ ಉಪಕರಣ. ಹೆಂಡತಿ ಬೆರಳಲ್ಲಿ ಎಳೆ ಎಳೆದು ಹಿಡಿಯಬೇಕು, ಗಂಡ ಅಳೆಯಬೇಕು. ಎಳೆ ಪುಟ್ಟಂತ ಹರಿಯುತ್ತದೆ. "ಅಲುಗಾಡಬ್ಯಾಡ!" ಇನ್ನೊಂದು ಎಳೆ. ಅದೂ ಹರಿಯಿತು. ಈ ಜಗಳದಲ್ಲಿ ಒಲೆಯ ಮೇಲಿದ್ದ ಪಾಕವನ್ನು ಇಬ್ಬರೂ ಮರೆತರು. ಅದು ಒಂದೆಳೆ ದಾಟಿ, ಎರಡೆಳೆ ದಾಟಿ, ಕೊನೆಗೆ ಬಂಡೆಯಾಗಿ ಪಾತ್ರೆಗೆ ಕಚ್ಚಿಕೊಂಡಿತು. ಆಕೆ ಅದನ್ನು ಕುಟ್ಟಾಣಿಯಲ್ಲಿ ಒಡೆದು ಅಕ್ಕಪಕ್ಕದ ಮಕ್ಕಳಿಗೆ ಹಂಚಿದಳು. ಮತ್ತೆ ಸಕ್ಕರೆ ಇಟ್ಟು, ಗಂಡನನ್ನು ಅಡಿಗೆಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿ, ಒಂದೆಳೆ ಪಾಕ ತೆಗೆದುಕೊಟ್ಟಳು.

ಮೈಕ್ರೋಮೀಟರ್ ಕಾರ್ಖಾನೆಗೆ ವಾಪಸು ಹೋಯಿತು. ಅದರ ಹಿಂದೆ ಇರುವೆಯ ಸಾಲೂ ಹೋಯಿತು. ಅಳತೆ ಪರೀಕ್ಷೆ ಮಾಡುವವರು ಅದನ್ನು ತಿರುಗಿಸಿದರು, ಬೆರಳು ಅಂಟಿತು. ಬೆರಳನ್ನು ನಾಲಗೆಗೆ ಮುಟ್ಟಿಸಿ ನೋಡಿ, ಬಲು ಗಂಭೀರವಾಗಿ ಎಂಜಿನಿಯರಿಗೆ ವರದಿ ಒಪ್ಪಿಸಿದರಂತೆ. "ಅಳತೆ ಸರಿಯಾಗೈತೆ ಸಾರ್. ಸಕ್ಕರೆ ಸ್ವಲ್ಪ ಜಾಸ್ತಿಯಾಗೈತೆ."

ಕುಲುಕುವ ಬಸ್ಸು

ಐಸು ಸಿಗುತ್ತಿದ್ದದ್ದು ದಾವಣಗೆರೆಯಲ್ಲಿ. ಹರಿಹರ ಮುಟ್ಟುವಷ್ಟರಲ್ಲಿ ಅದು ನೀರಾಗಿರುತ್ತಿತ್ತು. ಎಂಜಿನಿಯರು ಒಂದು ಉಪಾಯ ಹೂಡಿದರು. ಎಲ್ಲವನ್ನೂ ದೊಡ್ಡ ಫ್ಲಾಸ್ಕಿಗೆ ಹಾಕಿ, ಇಲ್ಲೇ ಐಸು ಸೇರಿಸಿ, ಬಸ್ಸಿನಲ್ಲಿ ಒಯ್ಯುವುದು.

"ಜರ್ಮನಿಯಾಗ ಇದನ್ನ ಕುಲುಕೋಕೆ ಬೇರೆ ಡಬ್ಬಿ ಇರ್ತೈತೆ ಸಾವ್ಕಾರ್ರೆ. ನಮಗ್ಯಾಕ ಅದು? ನಮ್ಮ ರಸ್ತೆ ಐತಲ್ಲ."

ನನಗೂ ಅವತ್ತು ಹರಿಹರದಲ್ಲಿ ಕೆಲಸವಿತ್ತು. ಒಂದೇ ಬಸ್ಸು ಹತ್ತಿದೆವು. ಸೀಟಿನ ಇನ್ನೊಂದು ತುದಿಗೆ ಬಂದು ಕೂತವರು ಅಬಕಾರಿ ಜಮಾದಾರರು. ಕಳ್ಳಬಟ್ಟಿ ಹಿಡಿಯುವುದೇ ಅವರ ಉದ್ಯೋಗ. ಪರ್ಮಿಟ್ಟು ಇದ್ದದ್ದು ಮನೆಯ ಬಾಟಲಿಗೆ, ಬಸ್ಸಿನ ಫ್ಲಾಸ್ಕಿಗಲ್ಲ. ಬಸ್ಸು ಪ್ರತಿ ಗುಂಡಿಗೆ ಇಳಿದಾಗಲೂ ಎಂಜಿನಿಯರ ತೊಡೆಯ ಮೇಲಿನ ಫ್ಲಾಸ್ಕು ಗಳಗಳ ಅನ್ನುತ್ತಿತ್ತು.

"ಏನ್ರಿ ಅದು?" ಎಂದರು ಜಮಾದಾರರು.

"ಕಾಫಿ."

ಜಮಾದಾರರು ಮುಚ್ಚಳದ ಹತ್ತಿರ ಮೂಗು ಒಯ್ದರು. ಫ್ಲಾಸ್ಕಿನ ಬಾಯಿ ಮುಟ್ಟಿ ನೋಡಿದರು. "ತಣ್ಣಗೈತಲ್ರಿ?"

"ಜರ್ಮನಿ ಪದ್ಧತಿ ರೀ."

"ಒಂದೀಟು ಹಾಕ್ರಿ, ನೋಡಾಣ."

ಮುಚ್ಚಳಕ್ಕೆ ಬಗ್ಗಿಸಿ ಕೊಡದೆ ವಿಧಿಯಿರಲಿಲ್ಲ. ಜಮಾದಾರರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ನಾನು ಮನಸ್ಸಿನಲ್ಲೇ ಅಂಗಡಿಗೆ ಬೀಗ ಹಾಕಿ, ಅವ್ವನನ್ನು ಅಕ್ಕನ ಮನೆಗೆ ಕಳಿಸಿ, ಜೈಲಿಗೆ ಹೊರಟಿದ್ದೆ. ಜಮಾದಾರರು ಕಣ್ಣು ತೆರೆದು ಮೀಸೆ ಒರೆಸಿಕೊಂಡರು.

"ಇನ್ನೊಂದೀಟು ಹಾಕ್ರಿ. ಪರೀಕ್ಷೆ ಪೂರ್ತಿ ಆಗಿಲ್ಲ."

ಪರೀಕ್ಷೆ ದಾರಿಯುದ್ದಕ್ಕೂ ನಡೆಯಿತು. ಹರಿಹರ ಬಂದಾಗ ಫ್ಲಾಸ್ಕಿನಲ್ಲಿ ಐಸಿನ ಚೂರು ಮಾತ್ರ ಉಳಿದಿತ್ತು. ಜಮಾದಾರರು ಇಳಿದು, ಟೋಪಿ ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಬಂದು ಅಧಿಕಾರದ ದನಿಯಲ್ಲಿ ಹೇಳಿದರು. "ಇದು ಕಾಫಿ ಹೌದೋ ಅಲ್ಲೋ, ಇನ್ನೂ ಖಾತ್ರಿ ಆಗಿಲ್ಲ. ನಾಳೆ ಇದೇ ಬಸ್ಸಿಗೆ ಬರ್ರಿ!"

ಮಾವನವರ ಸಭೆ

ಆಮೇಲೆ ಎಂಜಿನಿಯರು ಬಸ್ಸಿನ ಸಹವಾಸ ಬಿಟ್ಟರು. ಐಸಿನ ಆಸೆಯನ್ನೂ ಬಿಟ್ಟರು. ಮನೆಯಲ್ಲೇ ಕಾಫಿ, ಪಾಕ, ಬ್ರಾಂದಿ ಬೆರೆಸಿ, ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿ ಅಡಿಗೆಮನೆ ಗೋಡೆಯ ನಾಗೊಂದಿಗೆ ಹಲಗೆಯ ಮೇಲಿಟ್ಟರು. ಅಲ್ಲಿಗೆ ಬಂದರು ಅವರ ಮಾವ.

ಮಾವ ದಾವಣಗೆರೆಯ ದೊಡ್ಡ ಜವಳಿ ವ್ಯಾಪಾರಿ. ಊರಿನಲ್ಲಿ ಕುಡಿತ ಬಿಡಿಸುವ ಸಂಘಕ್ಕೆ ಅವರೇ ಅಧ್ಯಕ್ಷರು. ಹೆಂಡದ ವಾಸನೆ ಹೇಗಿರುತ್ತದೆ ಎಂಬುದೂ ತಮಗೆ ಗೊತ್ತಿಲ್ಲ ಅನ್ನುವುದೇ ಅವರ ಹೆಮ್ಮೆ. ಮಗಳನ್ನು ನೋಡಲು ಹೋದವರು ಕಾಫಿ ಕೇಳಿದರು. ಮನೆಯಲ್ಲಿ ಹಾಲು ಒಡೆದಿತ್ತು. ಮಗಳು ಹಾಲಿಗೆಂದು ಪಕ್ಕದ ಮನೆಗೆ ಹೋದಳು. ಮಾವ ಘಮದ ಜಾಡು ಹಿಡಿದು ಜಾಡಿ ಇಳಿಸಿದರು.

"ಅಳಿಯಂದ್ರೆ, ಇದೇನ್ರಿ?"

"ಅದು... ಜರ್ಮನಿ ಕಾಫಿ ರೀ ಮಾವ. ನಿಮಗೆ ಒಗ್ಗಲ್ಲ, ಬ್ಯಾಡ..."

ಅಷ್ಟರಲ್ಲಿ ಮಾವ ಲೋಟ ಮುಗಿಸಿದ್ದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. ಅಳಿಯನ ಬೆನ್ನು ತಟ್ಟಿದರು. ಮದುವೆಯಾದಾಗಿನಿಂದ ತಟ್ಟಿದ್ದು ಅದೇ ಮೊದಲು. "ಎಂಥಾ ಕಾಫಿ ರೀ ಇದು! ಮೈಯೆಲ್ಲಾ ಬೆಚ್ಚಗಾತು, ಮನಸ್ಸು ಹಗುರಾತು. ಇಂಥಾದ್ದು ಸಿಕ್ರೆ ಯಾವ ಕುಡುಕ ಸಾರಾಯಿ ಮುಟ್ತಾನೆ? ನಮ್ಮ ಸಂಘದ ಸಭೆಗೆ ಎಲ್ಲಾರಿಗೂ ಇದನ್ನೇ ಮಾಡಿಸ್ರಿ!"

ಎಂಜಿನಿಯರು ನನ್ನ ಅಂಗಡಿಗೆ ಓಡಿ ಬಂದರು. "ನಿಜ ಹೇಳಿಬಿಡ್ರಿ," ಅಂದೆ. "ನಿಜ ಹೇಳಿದ್ರೆ ಮಗಳನ್ನ ವಾಪಸ್ ಕರ್ಕೊಂಡು ಹೋಗ್ತಾರ್ರಿ," ಅಂದರು. ಕೊನೆಗೆ, ಸಭೆಗೆ ನಾನು ಬರೀ ಕಾಫಿ ಮಾಡಿಕೊಡುವುದು, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಮಾತಾಯಿತು.

ಸಭೆ ಒಂದು ಛತ್ರದ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ. ಕದ್ದು ಕುಡಿಯುವವರು ಎಂದು ಹೆಸರಾದ ಹತ್ತಿ ಮಿಲ್ಲಿನ ಕೆಲಸಗಾರರನ್ನು ಮಾವನವರೇ ಮನೆಮನೆಗೆ ಹೋಗಿ ಕರೆತಂದು ಕೂರಿಸಿದ್ದರು. ನಾನು ಹಿತ್ತಲಲ್ಲಿ ಹಂಡೆಗಟ್ಟಲೆ ಕಾಫಿ ಇಳಿಸಿದೆ. ಮಾವ ಮೊದಲು ರುಚಿ ನೋಡಿ ಮುಖ ಸಿಂಡರಿಸಿದರು.

"ಇದು ಅದಲ್ಲ. ಅಳಿಯಂದ್ರೆ, ಇಷ್ಟು ಜನದ ಮುಂದೆ ನನ್ನ ಮರ್ಯಾದೆ ತೆಗಿತೀರೇನು?"

ಎಂಜಿನಿಯರು ಹಿತ್ತಲಿಗೆ ಬಂದವರು ನನ್ನ ಮುಖವನ್ನೂ ನೋಡಲಿಲ್ಲ. ಹೀಗಾದೀತು ಎಂಬ ಅಂಜಿಕೆಯಿಂದ, ಪರ್ಮಿಟ್ಟಿನಲ್ಲಿ ಕೂಡಿಟ್ಟ ಬ್ರಾಂದಿ ಬಾಟಲಿಗಳನ್ನೆಲ್ಲ ಚೀಲದಲ್ಲಿ ತಂದಿದ್ದರು. ನಾನು ಬ್ಯಾಡ ಬ್ಯಾಡ ಅನ್ನುವಷ್ಟರಲ್ಲಿ ಒಂದೊಂದನ್ನೇ ಹಂಡೆಗೆ ಬೋರಲು ಹಾಕಿದರು.

ಲೋಟಗಳು ಹೊರಗೆ ಹೋದವು. ಮಿಲ್ಲಿನವರು ಬೇಸರದಿಂದಲೇ ತುಟಿಗೆ ಹಚ್ಚಿದರು. ಮುಂದಿನ ಸಾಲಿನವನು ಒಂದು ಗುಟುಕು ಕುಡಿದು ಪಕ್ಕದವನ ಮುಖ ನೋಡಿದ. ಪಕ್ಕದವನು ಹಿಂದಿನವನನ್ನು ನೋಡಿದ. ಆಮೇಲೆ ಮುಂದಿನ ಸಾಲಿನವನು ಎದ್ದು, ಎದೆಯ ಮೇಲೆ ಕೈಯಿಟ್ಟು, "ಯಜಮಾನ್ರೆ, ಇವತ್ತಿಂದ ಕಳ್ಳಬಟ್ಟಿ ಮುಟ್ಟಂಗಿಲ್ರಿ! ದಿನಾ ಇದೇ ಕಾಫಿ ಕೊಡ್ತೀರಂದ್ರೆ ದಿನಾ ಬಂದು ಬಿಡ್ತೀನಿ!" ಎಂದ.

ಚಪ್ಪಾಳೆ ಬಿತ್ತು. ಮಾವನವರ ಕಣ್ಣಲ್ಲಿ ನೀರು. ಒಬ್ಬೊಬ್ಬರೇ ಎದ್ದರು. ಕುಡಿತ ಬಿಟ್ಟವರು ಮತ್ತೆ ಸಾಲಿಗೆ ನಿಂತು ಇನ್ನೊಂದು ಸಲ ಬಿಟ್ಟರು. ಸುದ್ದಿ ಬೀದಿಗೆ ಮುಟ್ಟಿ, ಹಾದಿಯಲ್ಲಿ ಹೋಗುತ್ತಿದ್ದವರೂ ಒಳಗೆ ನುಗ್ಗಿ, "ನಾವೂ ಕುಡುಕರು ರೀ, ನಮಗೂ ಬಿಡಿಸ್ರಿ" ಎಂದು ಗೋಗರೆಯತೊಡಗಿದರು.

ಪ್ರಮಾಣ ಬೋಧಿಸಲು ಸಂಘದವರು ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆಸಿದ್ದರು. ಜೀರಿಗೆ ಕಷಾಯಕ್ಕಿಂತ ಹೆಚ್ಚಿನದನ್ನು ಬಾಯಿಗೆ ಬಿಟ್ಟವರಲ್ಲ. ಇಷ್ಟು ಜನಕ್ಕೆ ಪ್ರಮಾಣ ಹೇಳಿ ಹೇಳಿ ಅವರ ಗಂಟಲು ಒಣಗಿತು. ಮಾವನವರೇ ಪ್ರೀತಿಯಿಂದ ಒಂದು ಲೋಟ ತುಂಬಿ ಕೊಟ್ಟರು. ಮೇಷ್ಟ್ರು ಕುಡಿದರು. ಸ್ವಲ್ಪ ಹೊತ್ತು ಆಕಾಶ ನೋಡಿದರು. ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ವೇದಿಕೆಯಿಂದ ಇಳಿದು, ಹೋಗಿ ಕುಡುಕರ ಸಾಲಿನಲ್ಲಿ ನಿಂತುಬಿಟ್ಟರು.

ಮಾವನವರು ಗಾಬರಿಯಾಗಿ ಓಡಿದರು. "ಮೇಷ್ಟ್ರೆ, ನೀವ್ಯಾಕ ಇಲ್ಲಿ ನಿಂತ್ರಿ? ನೀವು ಹುಟ್ಟಿದಾಗಿಂದ ಕುಡಿದವ್ರೇ ಅಲ್ಲ. ನೀವೇನು ಬಿಡ್ತೀರಿ?"

ಮೇಷ್ಟ್ರು ಖಾಲಿ ಲೋಟ ಮುಂದೆ ಚಾಚಿದರು.

"ಅದೇ ಚಿಂತ್ಯಾಗೈತೆ ನೋಡ್ರಿ ಯಜಮಾನ್ರೆ. ಕುಡಿಯದೆ ಹೆಂಗೆ ಬಿಡೋದು? ಇನ್ನೊಂದು ಲೋಟ ಹಾಕ್ರಿ, ಕುಡಿದೇ ಬಿಡ್ತೀನಿ!"