ಸ್ಮೆಲ್ಟರ್ ಬಾಯ್ಸ್ ಮತ್ತು ಬೈಗುಳದ ನೆಂಟ

ಇದೆಲ್ಲ ಶುರುವಾದದ್ದು ಬಾನಾ ಚೋಲಾಳ ಬಾಯಿಂದ. ಚೋಲಾ ಎಂಬ ಹುಡುಗನ ತಾಯಿ ಎಂದು ಆಕೆಗೆ ಆ ಹೆಸರು. ಸ್ವಂತ ಹೆಸರು ಆಕೆಯ ಗಂಡನಿಗಾದರೂ ನೆನಪಿತ್ತೋ ಇಲ್ಲವೋ, ದೇವರೇ ಬಲ್ಲ. ಕಿಟ್ವೆ ಪಟ್ಟಣದ ಗಣಿ ಕಾರ್ಮಿಕರ ಕೇರಿಯಲ್ಲಿ, ನಲ್ಲಿಯ ಪಕ್ಕ ಕೂತು ಬನ್ನು ಮಾರುತ್ತಿದ್ದ ಈಕೆಗೆ ಬೇರೆಯವರ ಕಷ್ಟವೆಂದರೆ ಪ್ರಾಣ.

ಅವತ್ತು ಬೆಳಿಗ್ಗೆ ಬಕೆಟ್ಟು ಹಿಡಿದು ಬಂದ ಕಬಾಸೊನ ಮುಖ ನೋಡಿದ್ದೇ ತಡ, "ಯಾಕೋ ಕಬಾಸೊ, ಯಾರು ತೀರ್ಕೊಂಡ್ರು?" ಎಂದಳು.

"ಯಾರೂ ತೀರ್ಕೊಂಡಿಲ್ಲ ಬಾನಾ ಚೋಲಾ. ನನ್ನ ಬ್ಯಾಂಡೇ ತೀರ್ಕೊಳ್ಳೋ ಹಾಗಿದೆ."

ಕಬಾಸೊ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಗಲೆಲ್ಲ ಗಣಿಯಲ್ಲಿ ದುಡಿದು, ಸಂಜೆಯಾದರೆ ಬೆಲ್‌ಬಾಟಮ್ ಪ್ಯಾಂಟು, ಮೊಳದೆತ್ತರದ ಹಿಮ್ಮಡಿಯ ಬೂಟು ಹಾಕಿ ಕಿರುಚುವ ಮೂವರು ಹುಡುಗರ ರಾಕ್ ಬ್ಯಾಂಡು, ಅದಿರು ಕರಗಿಸುವ ಕುಲುಮೆಯ ಹೆಸರು ಹೊತ್ತ 'ಸ್ಮೆಲ್ಟರ್ ಬಾಯ್ಸ್'. ಹಾಡುವವನು ಕಬಾಸೊ, ಡ್ರಮ್ ಬಾರಿಸುವವನು ಚಿತಾಲು, ಗಿಟಾರು ಲುಂಬ್ವೆಯದು. ಎನ್ಡೋಲಾ ಪಟ್ಟಣದ ರೆಕಾರ್ಡ್ ಕಂಪನಿಯೊಂದು ಇವರ ಮೊದಲ ಆಲ್ಬಮ್ಮನ್ನು ಮುದ್ರಿಸಿಯೂ ಇತ್ತು. ಮೂವರೂ ಬರಿಮೈಯಲ್ಲಿ ಗಣಿಯ ಕರೀ ದಿಬ್ಬದ ಮೇಲೆ ನಿಂತು ಹಲ್ಲು ಕಚ್ಚಿದ ಫೋಟೋ ಅದರ ಹೊದಿಕೆಯ ಮೇಲಿತ್ತು. ಅಷ್ಟರಲ್ಲಿ ಹಳೇ ಮ್ಯಾನೇಜರು ಬಿಟ್ಟುಹೋದ, ಹೊಸಬ ಬಂದ, "ಎಲ್ಲವನ್ನೂ ನಾನೇ ಕೇಳಿ ನೋಡಬೇಕು" ಎಂದ. ರೆಕಾರ್ಡುಗಳು ಗೋದಾಮು ಸೇರಿದವು.

ಕಬಾಸೊ ಹೋಗಿ ಹೋಗಿ ಬಂದ. ಸ್ವಭಾವತಃ ಮೆತ್ತಗಿನ ಮನುಷ್ಯ. ವೇದಿಕೆ ಮೇಲೆ ಹುಲಿ, ಆಫೀಸಿನ ಬಾಗಿಲಲ್ಲಿ ಇಲಿ. ಸೆಕ್ರೆಟರಿಯಮ್ಮನ ಮುಂದೆ ಕೈಕಟ್ಟಿ ನಿಂತು, ಅವಳು "ನಾಳೆ ಬನ್ನಿ" ಎಂದರೆ "ಆಗ್ಲಿ ತಾಯಿ" ಎಂದು ಬಸ್ಸು ಹತ್ತುತ್ತಿದ್ದ. ಇತ್ತ ಚಿತಾಲುವನ್ನು ಚರ್ಚಿನ ಹಾಡುಗಾರರ ತಂಡ ಕರೆಯುತ್ತಿತ್ತು, ಲುಂಬ್ವೆಯನ್ನು ಹೋಟೆಲಿನ ಬ್ಯಾಂಡು. "ಇವತ್ತು ಕೊನೆ ಕಣೋ, ಇವತ್ತು ಇತ್ಯರ್ಥ ಆಗ್ಲಿಲ್ಲ ಅಂದ್ರೆ ನಮ್ಮ ದಾರಿ ನಮಗೆ" ಎಂದು ಇಬ್ಬರೂ ಖಡಾಖಂಡಿತ ಹೇಳಿಬಿಟ್ಟಿದ್ದರು. ಆ ಇಬ್ಬರಿಲ್ಲದೆ ತಾನು ಗಣಿಯ ಗುಮಾಸ್ತ ಮಾತ್ರ ಎಂಬುದು ಕಬಾಸೊನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

"ಆ ಹೊಸ ಮ್ಯಾನೇಜರ ಹೆಸರೇನೋ?" ಎಂದಳು, ಎಲ್ಲವನ್ನೂ ಕೇಳಿಸಿಕೊಂಡ ಬಾನಾ ಚೋಲಾ.

"ಜೆರೆ ಅಂತ."

ಬಾನಾ ಚೋಲಾ ಕೈಲಿದ್ದ ಬನ್ನನ್ನು ಬುಟ್ಟಿಗೆ ಎಸೆದಳು. "ಜೆರೇನಾ? ಅಯ್ಯೋ ಪೆದ್ದೇ! ಎಂಗೋನಿ ಹೆಸರಲ್ವೇನೋ ಅದು! ನೀನು ಬೆಂಬಾ, ಅವನು ಎಂಗೋನಿ. ಬೈಗುಳದ ನೆಂಟ! ಅವನ ಬಾಗಿಲಲ್ಲಿ ಹೋಗಿ ಕೈಕಟ್ಟಿ ನಿಂತ್ಕೊಂಡ್ಯಾ? ನಾಚಿಕೆ ಆಗ್ಬೇಕು ನಿಂಗೆ!"

ಕಬಾಸೊ ಬಕೆಟ್ಟು ಕೆಳಗಿಟ್ಟ. ಹೌದಲ್ಲ! ಮುತ್ತಜ್ಜಂದಿರು ಈಟಿ ಹಿಡಿದು ಹೊಡೆದಾಡಿದ ಎರಡು ಜನಾಂಗಗಳು, ಈಗ ಆ ಯುದ್ಧವನ್ನು ಬಾಯಲ್ಲಿ ನಡೆಸುತ್ತವೆ. ಬೆಂಬಾ ಆದವನು ಎಂಗೋನಿಯನ್ನು ಕಂಡರೆ "ಇಲಿ ತಿನ್ನೋನೇ" ಎನ್ನಬೇಕು, ಅವನು ಇವನಿಗೆ "ಕೋತಿ ತಿನ್ನೋನೇ" ಎನ್ನಬೇಕು. ಸಾವಿನ ಮನೆಯಲ್ಲೂ ಬೈಯಬಹುದು, ಟೋಪಿ ಕಿತ್ತುಕೊಳ್ಳಬಹುದು, ತಟ್ಟೆಗೇ ಕೈ ಹಾಕಬಹುದು. ಸಿಟ್ಟು ಮಾಡಿಕೊಂಡವನೇ ಸೋತ. ಬೈಯದೆ ಸುಮ್ಮನಿದ್ದರೆ ಮಾತ್ರ ಅವಮಾನ.

"ನನ್ನ ಗಂಡನಿಗೆ ಬಡ್ತಿ ಸಿಕ್ಕಿದ್ದು ಹೇಗೆ ಅಂದ್ಕೊಂಡೆ? ಎಂಗೋನಿ ಫೋರ್ಮನ್ನನ ಮಾನ ಹರಾಜು ಹಾಕಿ ಬಂದ್ರು. ಅವನು ನಕ್ಕೂ ನಕ್ಕೂ ಸಹಿ ಹಾಕ್ದ," ಎಂದಳು ಬಾನಾ ಚೋಲಾ.

"ನಂಗೆ ಬೈಯೋಕೆ ಬರಲ್ವಲ್ಲ..."

"ನಾವಿರೋದು ಯಾಕೆ?"

ನಲ್ಲಿಗೆ ಬಂದವರೆಲ್ಲ ಗುರುಗಳಾದರು. ಒಬ್ಬಳು ಕೈ ಹೇಗೆ ಬೀಸಬೇಕೆಂದು ತೋರಿಸಿದಳು. ಒಬ್ಬ ಮುದುಕ, ಹಲ್ಲಿಲ್ಲದ ಬಾಯಲ್ಲಿ, ಇಲಿಯ ಬಾಲವನ್ನು ಎಂಗೋನಿಗಳು ಹೇಗೆ ಕಚ್ಚುತ್ತಾರೆಂದು ನಟಿಸಿದ. ಕಬಾಸೊ ಮೊದಲು "ಸ್ವಾಮಿ, ತಾವು ಇಲಿ ತಿನ್ನುವವರು" ಎಂದು ಶುರುಮಾಡಿ ಎಲ್ಲರಿಂದಲೂ ಉಗಿಸಿಕೊಂಡ. ಬಿಸಿಲೇರುವ ಹೊತ್ತಿಗೆ ಮಾತ್ರ ಅವನ ನಾಲಗೆ ಸಾಕಷ್ಟು ಹರಿತವಾಗಿತ್ತು.

ಮೂವರೂ ಎನ್ಡೋಲಾ ಬಸ್ಸು ಹತ್ತಿದರು. ಕಂಡಕ್ಟರು ಎಂಗೋನಿ ಎಂದು ಗೊತ್ತಾದದ್ದೇ ಕಬಾಸೊ, "ಏ ಇಲಿ ಬೇಟೆಗಾರ, ಬಸ್ಸಿನ ಬಿಲದಲ್ಲಿ ಏನ್ ಹುಡುಕ್ತಿದ್ದೀಯೋ?" ಎಂದ.

ಕಂಡಕ್ಟರನ ಮುಖ ಅರಳಿತು. "ಬಾರಪ್ಪ ಬಾ, ಕೋತಿಗಳಿಗೆ ಮೇಲ್ಗಡೆ ಸಾಮಾನಿನ ಜೊತೆ ಜಾಗ!" ಎಂದು ಬೆನ್ನಿಗೆ ಗುದ್ದಿ, ಮುಂದಿನ ಸೀಟಿನಲ್ಲೇ ಕೂರಿಸಿದ. ಚಿತಾಲು, ಲುಂಬ್ವೆ ಮುಖ ಮುಖ ನೋಡಿಕೊಂಡರು.

"ಇದು ಕೆಲಸ ಮಾಡತ್ತೆ ಕಣೋ," ಎಂದ ಲುಂಬ್ವೆ.

ಕಂಪನಿಯ ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಆಳುಗಳು ಪೆಟ್ಟಿಗೆ ತುಂಬುತ್ತಿದ್ದರು. ಕಬಾಸೊ ಈಗ ಹಳೇ ಕಬಾಸೊ ಅಲ್ಲವಲ್ಲ, "ದಾರಿಗಡ್ಡ ನಿಲ್ಲಿಸಿದ್ದೀರಲ್ಲೋ!" ಎಂದು ಡ್ರೈವರನನ್ನೂ ಗದರಿಸಿ ಒಳಗೆ ನುಗ್ಗಿದ. ಸೆಕ್ರೆಟರಿಯಮ್ಮ, "ಅಯ್ಯಾ, ನಿಮಗೊಂದು ವಿಷಯ ಹೇಳ್ಬೇಕಿತ್ತು..." ಎಂದು ಎದ್ದಳು.

"ನಾಳೆ ಹೇಳಿ ತಾಯಿ!" ಎಂದು ಅವಳ ಮಾತನ್ನು ಅವಳಿಗೇ ಹಿಂದಿರುಗಿಸಿ, ಕಬಾಸೊ ಬಾಗಿಲನ್ನು ತಟ್ಟದೇ ತೆರೆದ.

ಒಳಗೆ ಕರೀ ಕೋಟು ತೊಟ್ಟ, ತಲೆ ನರೆತ ಗಂಭೀರ ಮನುಷ್ಯನೊಬ್ಬ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ.

"ಏನೋ ಇಲಿ ತಿನ್ನೋನೇ! ಕಡಲೆಕಾಯಿ ತಿನ್ನೋಕೆ ಯಾವಾಗ ಕಲಿತೆ? ಇಲಿ ಸಿಗ್ಲಿಲ್ವಾ ಇವತ್ತು?" ಎನ್ನುತ್ತಾ ಕಬಾಸೊ ತಟ್ಟೆಯನ್ನೇ ಎಳೆದುಕೊಂಡ. ಮೇಜಿನ ತುದಿಯಲ್ಲಿ ಕೂತ. ಗೂಟದಲ್ಲಿದ್ದ ಟೋಪಿ ತೆಗೆದು ತನ್ನ ತಲೆಗಿಟ್ಟುಕೊಂಡ. "ನಿಮ್ಮಜ್ಜ ನಮ್ಮಜ್ಜನನ್ನ ಕಂಡು ಓಡಿದ ಓಟ ಇನ್ನೂ ನಿಂತಿಲ್ಲ ಅಂತ ಕೇಳ್ದೆ. ನನ್ನ ಆಲ್ಬಮ್ಮನ್ನ ಬಿಲದಲ್ಲಿ ಬಚ್ಚಿಟ್ಕೊಂಡು ಮೂಸ್ತಾ ಕೂತಿದ್ದೀಯಾ?"

ಮ್ಯಾನೇಜರು ನಗಲಿಲ್ಲ. ಒಳಗೊಳಗೇ ಆನಂದಪಡುತ್ತಿದ್ದಾನೆ ಎಂದುಕೊಂಡು ಕಬಾಸೊ, ಮುದುಕ ಕಲಿಸಿದ ಬಾಲ ಕಚ್ಚುವ ಅಭಿನಯವನ್ನೂ ಮಾಡಿ ತೋರಿಸಿದ.

"ನಿನ್ನ ತಾಯಿ ಯಾವ ಊರಿನವಳಪ್ಪ?" ಮ್ಯಾನೇಜರು ಅವನ ಮುಖವನ್ನೇ ದಿಟ್ಟಿಸುತ್ತಾ ನಿಧಾನವಾಗಿ ಕೇಳಿದ.

"ಕಸಾಮಾ ಕಡೆಯವಳು. ಇಲಿಗಳಿಗೆ ಅಲ್ಲಿ ಪ್ರವೇಶ ಇಲ್ಲ!"

"ಯಾವ ಕುಲ?"

"ಅಣಬೆ ಕುಲ. ಯಾಕೆ, ಹೆಣ್ಣು ಕೊಡ್ತೀಯಾ?"

"ಹೆಸರು ಮುಕುಕಾನಾ? ಎಡಗೈಯವಳು, ಹುಬ್ಬಿನ ಮೇಲೆ ಗಾಯದ ಗುರುತಿದೆಯಾ?"

ಕಬಾಸೊನ ಬಾಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. "ನಿಮಗೆ... ಹೇಗೆ ಗೊತ್ತು?"

"ಆ ಗಾಯ ಮಾಡಿದೋನೇ ನಾನು. ಮಾವಿನಕಾಯಿಗೆ ಕಲ್ಲು ಬೀಸಿದ್ದೆ. ಅವಳು ನಮ್ಮ ದೊಡ್ಡಮ್ಮನ ಮಗಳು. ನಾನೂ ಬೆಂಬಾನೇ ಕಣಪ್ಪ. ನಮ್ಮಪ್ಪ ತೀರ್ಕೊಂಡ ಮೇಲೆ ನಮ್ಮವ್ವ ಜೆರೆಯವರನ್ನ ಮದುವೆಯಾದಳು. ಸಾಕಿದವರ ಹೆಸರು ನಂಗೆ ಬಂತು."

ದೊಡ್ಡಮ್ಮನ ಮಗಳು ಎಂದರೆ ಅಕ್ಕನೇ. ಅಲ್ಲಿಗೆ ಈತ ಸಾಕ್ಷಾತ್ ಸೋದರಮಾವ! ಹೆತ್ತ ಅಪ್ಪನ ಮಾತನ್ನಾದರೂ ಮೀರಬಹುದು, ತಾಯಿಯ ಕಡೆಯಿಂದ ಕುಲ ಎಣಿಸುವ ಬೆಂಬಾ ಮನೆಯಲ್ಲಿ ಸೋದರಮಾವನ ಮಾತಿಗೆ ಎದುರಾಡುವ ಹಾಗಿಲ್ಲ. ಕಬಾಸೊ ಮೇಜಿನಿಂದ ಜಾರಿ ನೆಲಕ್ಕೆ ಬಿದ್ದ. ಅಂಗಾತ ಹೊರಳಿ, ಎತ್ತರದ ಬೂಟುಗಳನ್ನು ಆಕಾಶಕ್ಕೆ ತೋರಿಸುತ್ತಾ, ಹಿರಿಯರಿಗೆ ಸಲ್ಲುವ ರೀತಿಯಲ್ಲಿ ಚಪ್ಪಾಳೆ ತಟ್ಟತೊಡಗಿದ. "ತಪ್ಪಾಯ್ತು ಮಾವ! ಹೊಟ್ಟೆಗೆ ಹಾಕ್ಕೊಳ್ಳಿ ಮಾವ!"

"ಏಳು ಮಗನೇ, ಏಳು," ಎಂದು ಮಾವ ಅವನನ್ನು ಎಬ್ಬಿಸಿ ತಬ್ಬಿಕೊಂಡ. ಕಣ್ಣಲ್ಲಿ ಧಾರಾಕಾರ ನೀರು. "ಮುಕುಕಾನ ಮಗ! ಇಷ್ಟು ದೊಡ್ಡೋನಾಗಿದ್ದೀಯ! ಬೈದದ್ದು ಬಿಡು, ಗೊತ್ತಿಲ್ದೆ ಬೈದೆ."

ಬಾಗಿಲಲ್ಲಿ ನಡುಗುತ್ತಿದ್ದ ಚಿತಾಲುವಿಗೂ ಲುಂಬ್ವೆಗೂ ಜೀವ ಬಂತು. ಸೆಕ್ರೆಟರಿಯಮ್ಮ ಎಲ್ಲರಿಗೂ ಚಹಾ ತಂದಳು. ಲುಂಬ್ವೆ ಕಬಾಸೊನ ಕಿವಿಯಲ್ಲಿ, "ಕಂಪನಿಯೇ ನಮ್ಮದಾಯ್ತಲ್ಲೋ! ಕೇಳೋ, ಈಗ್ಲೇ ಕೇಳೋ," ಎಂದ. ಕಬಾಸೊನಿಗೂ ಅಂಥ ಸಂತೋಷ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ಮಾವ, ನಮ್ಮ ಆಲ್ಬಮ್ಮು..."

"ಅಯ್ಯೋ, ಅದನ್ನ ಮರ್ತೇಬಿಟ್ಟೆ!" ಎಂದು ಮಾವ ದಡಬಡ ಎದ್ದು ಕಿಟಕಿಗೆ ಹೋದ. "ಏ, ಆ ಲಾರಿ ನಿಲ್ಸ್ರೋ! ಪೆಟ್ಟಿಗೆ ಎಲ್ಲಾ ಇಳ್ಸಿ, ವಾಪಸ್ ಗೋದಾಮಿಗೆ ಹಾಕಿ!"

"ಯಾವ ಪೆಟ್ಟಿಗೆ ಮಾವ?"

"ನಿಮ್ಮದೇ ಕಣೋ. ನಿನ್ನೆ ಕೇಳ್ದೆ, ಚೆನ್ನಾಗಿತ್ತು. ಇವತ್ತು ಅಂಗಡಿಗಳಿಗೆ ಕಳ್ಸಿ ಅಂದಿದ್ದೆ."

"ಅದನ್ನೇ ನಾನು ಆಗ ಹೇಳೋಕೆ ಹೊರಟಿದ್ದು," ಎಂದಳು ಸೆಕ್ರೆಟರಿಯಮ್ಮ.

"ಮತ್ತೆ ಯಾಕೆ ಮಾವ ಇಳಿಸ್ತಿದ್ದೀರಿ?" ಕಬಾಸೊನ ಧ್ವನಿ ಕೀರಲಾಯಿತು.

"ಯಾಕೆ ಅಂತೀಯಾ? ನಿನ್ನೆವರೆಗೂ ಅದು ಯಾರೋ ಪರಜನರ ಹುಡುಗ ಬರಿಮೈಯಲ್ಲಿ ನಿಂತು ಕಿರುಚ್ತಿದ್ದ. ಕಿರುಚ್ಲಿ, ನಂಗೇನು? ಇವತ್ತು ನೋಡಿದ್ರೆ ಅದು ನನ್ನ ಅಕ್ಕನ ಮಗ! ಅಣಬೆ ಕುಲದ ಹುಡುಗನ ಹೊಕ್ಕುಳನ್ನ ಊರೂರಿನ ಅಂಗಡೀಲಿ ನೇತುಹಾಕಿ ಕಾಸು ಮಾಡ್ದ ಅಂತ ಕಸಾಮಾದಲ್ಲಿ ನನ್ನ ಮುಖಕ್ಕೆ ಉಗೀತಾರೆ. ನಾನು ಬದುಕಿರೋವರೆಗೂ ಅದು ಆಚೆ ಬರಲ್ಲ. ನಾಳೆಯಿಂದ ನೀನು ಹಾಡೋದೂ ಬೇಡ, ಗಣಿಯೂ ಬೇಡ. ನಮ್ಮ ಗೋದಾಮಿಗೆ ನಂಬಿಕಸ್ಥ ಮನುಷ್ಯ ಬೇಕಾಗಿತ್ತು. ನಿಮ್ಮವ್ವನಿಗೆ ನಾನೇ ಹೇಳಿ ಕಳಿಸ್ತೀನಿ."

ಕಬಾಸೊ ಮಾವನ ಟೋಪಿಯನ್ನು ಮತ್ತೆ ಗೂಟಕ್ಕೆ ಹಾಕಿದ. ಸೋದರಮಾವನಿಗೆ ಇಲ್ಲ ಎನ್ನುವುದು ಹೇಗೆ? "ಆಗ್ಲಿ ಮಾವ," ಎಂದ. ಹೊರಗೆ ಪೆಟ್ಟಿಗೆಗಳು ದಬದಬನೆ ಇಳಿಯುತ್ತಿದ್ದವು.

ಚಿತಾಲು, ಲುಂಬ್ವೆ ಮೆಲ್ಲಗೆ ಎದ್ದರು. "ನಾವಿನ್ನು ಬರ್ತೀವಿ ಸ್ವಾಮಿ. ಇವನಿಗೆ ಚರ್ಚು, ನಂಗೆ ಹೋಟ್ಲು," ಎಂದ ಲುಂಬ್ವೆ, ಸಪ್ಪೆ ಮುಖದಲ್ಲಿ.

"ನೀವೆಲ್ಲಿಗ್ರಪ್ಪಾ? ಕೂತ್ಕೊಳ್ಳಿ," ಎಂದ ಮಾವ. "ನಿಮ್ಮದು ಯಾವ ಕುಲ?"

"ನಾನು ಸಿಂಹ ಕುಲ, ಇವನು ಮೀನು ಕುಲ."

"ಅಣಬೆಗೆ ಏನಾದ್ರೂ ಸಂಬಂಧ? ದೂರದ್ದಾದ್ರೂ?"

"ಇಲ್ಲವೇ ಇಲ್ಲ ಸ್ವಾಮಿ," ಎಂದರು ಇಬ್ಬರೂ, ಒಂದೇ ಉಸಿರಿಗೆ.

"ಹಾಗಾದ್ರೆ ನೀವು ಎಷ್ಟಾದ್ರೂ ಕಿರುಚಿ, ನಂದೇನೂ ಅಭ್ಯಂತರ ಇಲ್ಲ. ಇವನ ಬದಲು ಬೇರೆ ಯಾರನ್ನಾದ್ರೂ ಹಾಡೋಕೆ ಹಾಕಿ, ಅದೇ ಹಾಡುಗಳನ್ನ ಹೊಸದಾಗಿ ಮಾಡೋಣ. ಮುಂದಿನ ವಾರವೇ ಬನ್ನಿ."

ಇಬ್ಬರೂ ನೆಲ ನೋಡಿದರು, ಸೂರು ನೋಡಿದರು, ಕಬಾಸೊನೊಬ್ಬನನ್ನು ಬಿಟ್ಟು ಮಿಕ್ಕದ್ದೆಲ್ಲ ನೋಡಿದರು. ಆಮೇಲೆ ಚಿತಾಲು ಚಹಾದ ಲೋಟವನ್ನು ಮತ್ತೆ ಕೈಗೆತ್ತಿಕೊಂಡ. ಲುಂಬ್ವೆ ಕಬಾಸೊನ ಹೆಗಲ ಮೇಲೆ ಕೈಯಿಟ್ಟು, ಮನಸಾರೆ ಹೇಳಿದ:

"ನಿಮ್ಮ ಮಾವ ದೇವರಂಥ ಮನುಷ್ಯ ಕಣೋ."