ಪುಕಾಮರ್ಕದ ಸಭಾಮನೆಯ ಸೂರು

ತಪ್ಪು ನಿಕಾನೋರನದೇ. ಪಟ್ಟಣದ ನೆರವಿನ ಸಂಸ್ಥೆಯಿಂದ ಬಂದ ಕಾಗದವನ್ನು ಊರ ಸಭೆಯಲ್ಲಿ ಓದುವಾಗ ಕೊನೆಯ ಸಾಲನ್ನು ನುಂಗಿಕೊಂಡಿದ್ದರೆ ಆಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಅದನ್ನೂ ಓದಿದ: "ನಮ್ಮ ಪ್ರತಿನಿಧಿ ಸೆನ್ಯೊರಿಟ ಇಬಾರ್ರಾ ಅವರು ನಾಳೆ ಮಧ್ಯಾಹ್ನ ಬಂದು ನಿಮ್ಮ ಸಭಾಮನೆಯ ಸೂರಿನ ಸ್ಥಿತಿಯನ್ನು ಕಣ್ಣಾರೆ ನೋಡುವರು."

ನಿಕಾನೋರನ ಮನಸ್ಸು ಸೂರಿನ ಮೇಲಿತ್ತು. ಊರವರ ಮನಸ್ಸು ಬರುವ ಅತಿಥಿಯ ಮೇಲೆ ಹೋಯಿತು.

ಆಗಿನ್ನೂ ಬೆಟ್ಟದ ಊರುಗಳಿಗೆಲ್ಲ ಇಚು ಹುಲ್ಲಿನ ಸೂರೇ. ಹೊಗೆ ಕುಡಿದು ಕಪ್ಪಾದ ಆ ಹುಲ್ಲಿನಡಿ ಕೂತರೆ ಅಜ್ಜಿಯ ಕಂಬಳಿಯೊಳಗೆ ಹೊಕ್ಕ ಹಾಗೆ. ನಿಕಾನೋರ ಅಕ್ಷರ ಕಲಿತದ್ದೂ ಹೆಂಡತಿ ಎಡುವಿಹಿಸಳ ಕೈಹಿಡಿದು ಕುಣಿದದ್ದೂ ಆ ಸಭಾಮನೆಯಲ್ಲೇ. ಆದರೆ ಈಚೆಗೆ ಮಳೆಗಾಲದಲ್ಲಿ ಅಲ್ಲಿ ಸಭೆ ಸೇರಿದರೆ ಹೊರಗಿದ್ದವರಿಗಿಂತ ಒಳಗಿದ್ದವರೇ ಹೆಚ್ಚು ನೆನೆಯುತ್ತಿದ್ದರು. ತಗಡಿನ ಸೂರಿಗಾಗಿ ಊರ ಕಾರ್ಯದರ್ಶಿ ನಿಕಾನೋರ ನಾಲ್ಕು ವರ್ಷದಲ್ಲಿ ಏಳು ಅರ್ಜಿ ಬರೆದಿದ್ದ. ಮೊದಲು ಸೂರು, ಆಮೇಲೆ ನೀರಿನ ಕೊಳವೆ, ಆಮೇಲೆ ರಸ್ತೆ ಎಂದು ಐದು ವರ್ಷದ ಯೋಜನೆಯನ್ನು ಗೆರೆ ಎಳೆದು ಬರೆದದ್ದು ಎಂಟನೆಯದು. ಇದೂ ಕೈಕೊಟ್ಟರೆ ಬರುವ ಭಾನುವಾರ ಊರವರು ಕಾರ್ಯದರ್ಶಿಯನ್ನೇ ಬದಲಾಯಿಸುವವರಿದ್ದರು.

ಮರುದಿನ ಬೆಳಗಿನ ಜಾವಕ್ಕೇ ಶಂಖ ಊದಿದ ಸದ್ದಾಯಿತು. ನಿಕಾನೋರ ಪೊಂಚೊ ತಿರುಗಾಮುರುಗಾ ತೊಟ್ಟುಕೊಂಡು ಓಡಿದ. ಸಭಾಮನೆಯ ಮೇಲೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ. ಕಣಿವೆಯಾಚೆಯ ವೈಯಾಪಂಪದವರು ಲಾಮಾಗಳ ಮೇಲೆ ಹೊಸ ಹುಲ್ಲು ಹೇರಿಕೊಂಡು, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಿಗೆ ಬಂದಿದ್ದರು. ಕೆಳಗೆ ಹೆಂಗಸರು ಹಗ್ಗ ಹೊಸೆಯುತ್ತಿದ್ದರು, ಮೆಕ್ಕೆಜೋಳದ ಹೆಂಡ ಚಿಚಾದ ಕೊಡ ಕೈಯಿಂದ ಕೈಗೆ ಹೋಗುತ್ತಿತ್ತು.

"ನಿಲ್ಸಿ! ಏನ್ ಮಾಡ್ತಿದೀರಿ?"

"ಕಾಣ್ಸಲ್ವೇನಪ್ಪಾ, ಸೂರು ಹೊದಿಸ್ತಿದೀವಿ," ಎಂದ ಊರ ಅಧ್ಯಕ್ಷ ತೆಯೋಫಿಲೊ ಮೇಲಿಂದ. "ಅತಿಥಿ ನೆತ್ತಿ ಮೇಲೆ ನೀರು ಸುರಿಸಿ ಊಟಕ್ಕಿಡೋಕಾಗುತ್ತಾ?"

"ಸುರೀಬೇಕು ಅಣ್ಣಾ! ಸುರಿದ್ರೇನೇ ತಗಡು ಕೊಡೋದು!"

ಹಗ್ಗ ಹೊಸೆಯುತ್ತಿದ್ದ ಎಡುವಿಹಿಸ್ ತಲೆ ಎತ್ತಿದಳು. "ನಮ್ಮನೆಗೆ ನೆಂಟ್ರು ಬಂದಾಗ ಹರಕು ಲಂಗ ಉಟ್ಕೊಂಡು ನಿಂತ್ಕೋ ಅಂತ ನಂಗೂ ಹೇಳ್ತೀಯಾ? ಮಾನ ಬೇಡ್ವಾ ಊರಿಗೆ?"

ಹೆಂಗಸರೆಲ್ಲ ಗೊಳ್ಳೆಂದರು.

"ಒಂದು ಮೂಲೆನಾದ್ರೂ ಬಿಡಿ," ಎಂದು ನಿಕಾನೋರ ಕೈಮುಗಿದ.

"ಮೂಲೆ ಬಿಟ್ರೆ ವೈಯಾಪಂಪದವ್ರು ಅರ್ಧ ಕೆಲಸ ಮಾಡಿ ಹೋದ್ರು ಅಂತ ಹೆಸರು ಬರಲ್ವಾ?" ಎಂದ ಆ ಊರಿನ ಮುದುಕ ಅನಾಕ್ಲೆತೊ, ದವಡೆಯಲ್ಲಿ ಕೋಕಾ ಎಲೆ ಸರಿಸಿಕೊಳ್ಳುತ್ತ. ಮೂಲೆಗೆ ಎರಡು ಪಟ್ಟು ಹುಲ್ಲು ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಸೂರು ಹೊಸ ಮದುಮಗನ ಟೋಪಿಯ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ಕೈತೊಳೆಯಲು ಹೋದದ್ದೇ ತಡ, ನಿಕಾನೋರ ಹಿಂಬದಿಯ ಏಣಿ ಹತ್ತಿದ. ನಡುಮಧ್ಯದಲ್ಲಿ ಕೂತು, ಕೋಳಿ ಪುಕ್ಕ ಕೀಳುವವನಂತೆ ಹುಲ್ಲು ಕೀಳತೊಡಗಿದ. ಒಂದು ಆಳು ತೂರುವಷ್ಟು ತೂತಾಗುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ನೋಡಿ ಸೆನ್ಯೊರಿಟ," ತೆಯೋಫಿಲೊ ಕೆಳಗೆ ಹೆಮ್ಮೆಯಿಂದ ಬೆರಳು ಚಾಚಿದ, "ನಮ್ಮ ಕಾರ್ಯದರ್ಶಿ ಇನ್ನೂ ಇಳಿದಿಲ್ಲ. ಅಂಥ ದುಡಿಮೆಗಾರ!"

ದುಡಿಮೆಗಾರ ಗಾಬರಿಯಲ್ಲಿ ಎದ್ದು ನಿಲ್ಲಹೋಗಿ, ತಾನೇ ಮಾಡಿದ ತೂತಿನಲ್ಲಿ ಜಾರಿ, ಊಟಕ್ಕೆ ಕೂರಲೆಂದು ಹಾಸಿದ್ದ ಹುಲ್ಲಿನ ರಾಶಿಯ ಮೇಲೆ ಬಿದ್ದ. ಪಕ್ಕದಲ್ಲೇ ಬಿಸಿ ಆಲೂಗಡ್ಡೆ ಹಬೆಯಾಡುತ್ತಿತ್ತು.

ಊಟ ನಡೆಯುವಾಗ ಮಳೆ ಹಿಡಿಯಿತು. ಸೆನ್ಯೊರಿಟ ಹುರಿದ ಗಿನಿ ಇಲಿಯ ಕಾಲು ಚೀಪುತ್ತ ಸೂರಿನ ಉದ್ದಗಲ ನೋಡಿದಳು. ಇಡೀ ಸಭಾಮನೆಯಲ್ಲಿ ಸೋರುತ್ತಿದ್ದುದು ಒಂದೇ ಕಡೆ. ಅದು ನೇರವಾಗಿ ನಿಕಾನೋರನ ತಟ್ಟೆಗೆ.

"ಸೋರುತ್ತೆ ಸೆನ್ಯೊರಿಟ, ನೋಡಿ, ಸೋರುತ್ತೆ!" ಎಂದು ಅವನು ಆಸೆಯಿಂದ ತಟ್ಟೆ ಎತ್ತಿ ತೋರಿಸಿದ.

"ಒಂದು ತೂತಿಗೆ ಎಂಬತ್ತು ತಗಡು ಕೊಡೋಕಾಗಲ್ಲ ದೋನ್ ನಿಕಾನೋರ್. ನಿಮ್ಮ ಊರಿಗೆ ತಗಡು ಬೇಕಾಗಿಲ್ಲ. ಇಷ್ಟು ಚೆನ್ನಾದ ಹುಲ್ಲು ಎಲ್ಲಿ ಸಿಕ್ತು?"

"ನಮ್ಮದಮ್ಮಾ," ಎಂದ ಅನಾಕ್ಲೆತೊ. "ನಮ್ಮ ಸಭಾಮನೆಗೆ ಅಂತ ಕೊಯ್ದು ಇಟ್ಟಿದ್ವಿ. ಇವ್ರಿಗೆ ಅತಿಥಿ ಬರ್ತಾರೆ ಅಂದ್ರು, ತಂದ್ವಿ."

"ಹಾಗಾದ್ರೆ ನಿಮ್ಮ ಸೂರು?"

"ನಕ್ಷತ್ರ ಎಣಿಸ್ಕೊಂಡು ಸಭೆ ಮಾಡ್ತೀವಿ."

ಸೆನ್ಯೊರಿಟ ತಟ್ಟೆ ಕೆಳಗಿಟ್ಟಳು. ಮಳೆ ನಿಂತ ಮೇಲೆ ಮುದುಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಅವನೂರಿನ ಸಭಾಮನೆ ನೋಡಿ, ಹೊತ್ತು ಇಳಿಯುವ ಮೊದಲು ಅವನೊಡನೆ ತಿರುಗಿ ಬಂದಳು. ಎಂಬತ್ತು ತಗಡೂ ವೈಯಾಪಂಪಕ್ಕೆ! ಅರ್ಜಿಯೊಂದು ಆಗಬೇಕು, ಅಷ್ಟೇ. ಆ ಊರಲ್ಲಿ ಬರೆಯಬಲ್ಲವರು ಯಾರೂ ಇರಲಿಲ್ಲ. ಎಲ್ಲರೂ ನಿಕಾನೋರನ ಮುಖ ನೋಡಿದರು. ಅವನು ಒದ್ದೆ ತೋಳನ್ನು ಒರೆಸಿಕೊಂಡು, ತನ್ನದೇ ಯೋಜನೆಯನ್ನು ಮುಂದಿಟ್ಟುಕೊಂಡು, ಪುಕಾಮರ್ಕ ಎಂದಿದ್ದ ಕಡೆಯಲ್ಲೆಲ್ಲ ವೈಯಾಪಂಪ ಎಂದು ದುಂಡಗೆ ಬರೆದುಕೊಟ್ಟ. ಹಿಂದೆಂದೂ ಅವನ ಅರ್ಜಿ ಕೂತ ಜಾಗದಲ್ಲೇ ಮಂಜೂರಾಗಿರಲಿಲ್ಲ.

"ಭಾನುವಾರದ ಮಾತು ಬಿಡು," ತೆಯೋಫಿಲೊ ಅವನ ಬೆನ್ನು ತಟ್ಟಿದ. "ಪಕ್ಕದೂರಿಗೂ ಸೂರು ಕೊಡಿಸೋ ಕಾರ್ಯದರ್ಶೀನ ಯಾರಾದ್ರೂ ಬಿಡ್ತಾರಾ? ನೀನು ಸಾಯೋವರ್ಗೂ ನೀನೇ."

ಜೀಪು ಹೊರಟಿತು. ವೈಯಾಪಂಪದವರು ಲಾಮಾಗಳನ್ನು ಅಟ್ಟಿಕೊಂಡು ಎದ್ದರು. ಹೋಗುವ ಮುಂಚೆ ಅನಾಕ್ಲೆತೊ ಬಂದು ನಿಕಾನೋರನ ಎರಡೂ ಕೈ ಹಿಡಿದುಕೊಂಡ.

"ತಮ್ಮಾ, ಇವತ್ತಿನ ಮುಯ್ಯಿ ನೆನಪಿದೆ ತಾನೇ? ತಗಡು ಬಂದ ದಿನ ನಿಮ್ಮೂರವ್ರು ಬರ್ಬೇಕು. ರಸ್ತೆಯಿಂದ ಮೇಲಕ್ಕೆ ಹೊರೋದೂ ಇದೆ. ಮಿಕ್ಕವ್ರು ಹಿಂದೆ ಮುಂದೆ ಬರ್ಲಿ, ಪರ್ವಾಗಿಲ್ಲ. ಆದ್ರೆ ನೀನು ಮಾತ್ರ ಮೊದ್ಲೇ ಬಂದ್ಬಿಡು. ಎಲ್ಲಾ ಇಳಿದ್ಮೇಲೂ ಒಬ್ನೇ ಸೂರಿನ ಮೇಲೆ ಕೂತು ದುಡಿಯೋ ಮನುಷ್ಯನ್ನ ನಾನು ಈ ವಯಸ್ಸಲ್ಲಿ ಇವತ್ತೇ ಕಂಡಿದ್ದು."