ಆರನೇ ನಂಬರಿನ ಲಾರಿ

ಮದುವೆಯ ದಿನ ಮೇಸ್ತ್ರಿ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಕೊಡಲೇಬೇಕೆಂದೇನೂ ಇರಲಿಲ್ಲ. ಆದರೆ ದಿಬ್ಬಣದ ಬಸ್ಸು ಹೆಣ್ಣಿನ ಊರು ದಾಟುವ ಮೊದಲೇ ಕೆಟ್ಟು ನಿಂತಿತು. ಮೆಕ್ಯಾನಿಕ್ ಆದ ಮದುಮಗನೇ ಎರಡು ಗಂಟೆ ಅದರ ಕೆಳಗೆ ಮಲಗಿ, ಎದ್ದು, "ಇದು ಆಗೋದಲ್ಲ, ನಡೀರಿ" ಎಂದ. ಹೊಸ ಹೆಂಡತಿ ಏಳು ಮೈಲಿ ನಡೆದು ಗಂಡನ ಮನೆ ಸೇರಬೇಕಾಯಿತು. ಆರನೇ ಮೈಲಿಯಲ್ಲಿ, ಚಪ್ಪಲಿಯನ್ನು ಕೈಗೆ ತೆಗೆದುಕೊಂಡಿದ್ದ ಅವಳ ಮುಖ ನೋಡಲಾರದೆ ಅವನು ಹೇಳಿಬಿಟ್ಟ: "ನೋಡ್ತಾ ಇರು. ಇದೇ ದಾರೀಲಿ ನಿನ್ನನ್ನ ಲಾರಿ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗಿ ನಿಮ್ಮಮ್ಮನ ಮನೆ ಬಾಗಿಲಲ್ಲೇ ಇಳಿಸ್ತೀನಿ."

ಅದಾಗಿ ಹನ್ನೆರಡು ವರ್ಷ. ನಡುವೆ ಒಂದು ಯುದ್ಧವೇ ಬಂದು ಹೋಯಿತು. ಮಾತು ಮಾತ್ರ ಇದ್ದಲ್ಲೇ ಇತ್ತು. ಊಟ ತಡವಾಯಿತೆಂದು ಅವನು ಗೊಣಗಿದರೆ ಹೆಂಡತಿ, "ಲಾರಿ ಬಂದ ಮೇಲೆ ಬೇಗ ಆಗತ್ತೆ ಬಿಡಿ" ಎನ್ನುವಳು.

ಈಗ ಲಾರಿ ಬರುವ ಕಾಲ ಕೂಡಿಬಂದಿತ್ತು. ಮೇಸ್ತ್ರಿ ದುಡಿಯುತ್ತಿದ್ದ ಸೈನ್ಯದ ರಿಪೇರಿ ಡಿಪೋ ತಿಂಗಳ ಕೊನೆಗೆ ಮುಚ್ಚಲಿತ್ತು. ಮುನ್ನೂರು ಲಾರಿಗಳು ಆಸ್ಪತ್ರೆಗೆ, ಪುರಸಭೆಗೆ, ಅಗ್ನಿಶಾಮಕದವರಿಗೆ ಹೋಗಿ, ಕೊನೆಗುಳಿದ ಹನ್ನೊಂದನ್ನು ಡಿಪೋದ ಹನ್ನೊಂದು ಕೆಲಸಗಾರರಿಗೇ ಹಂಚಬೇಕೆಂದು ಆಜ್ಞೆ ಬಂದಿತ್ತು. ಯುದ್ಧದಲ್ಲಿ ಬಿದ್ದ ಊರನ್ನು ಮತ್ತೆ ಕಟ್ಟಬೇಕಿತ್ತು. ಲಾರಿ ಇದ್ದವನಿಗೆ ನಾಳೆಯಿಂದಲೇ ಇಟ್ಟಿಗೆ ಸಾಗಿಸುವ ಕೆಲಸ. ಇಲ್ಲದವನಿಗೆ ಮನೆಯ ಜಗಲಿ.

ಹನ್ನೊಂದರಲ್ಲಿ ಆರನೇ ನಂಬರಿನದು ಮೇಸ್ತ್ರಿಯ ಕೂಸು. ಸತ್ತ ಮೂರು ಲಾರಿಗಳ ಕರುಳು ಬಗೆದು ಆರು ವಾರ ಕೂತು ಅದನ್ನು ಬದುಕಿಸಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಅವನು ದಿನಾ ಟೀ ಹೊತ್ತಿಗೆ, "ಆರನೇ ನಂಬರ್ ಎಂಜಿನ್ ಮೇಲೆ ತುಂಬಿದ ಲೋಟ ಇಟ್ರೂ ಒಂದು ಹನಿ ಚೆಲ್ಲಲ್ಲ ಕಣಯ್ಯ" ಎಂದು ಹತ್ತು ಜನರಿಗೂ ಹೇಳುತ್ತಿದ್ದ. ಆಮೇಲೆ ಲಾರಿ ಆರಿಸುವ ಸರದಿಗೆ ಚೀಟಿ ಎತ್ತಿದಾಗ ಅವನಿಗೆ ಬಂದದ್ದು ಹನ್ನೊಂದು. ಕಟ್ಟಕಡೆಯದು.

ಆ ಸಂಜೆಯೇ ಅವನು ಆರನೇ ನಂಬರಿನ ಬಾನೆಟ್ ಎತ್ತಿ, ಎಂಜಿನ್ನಿಗೆ ಕಿಡಿ ಹಂಚುವ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅಂಗಿಯ ಗುಂಡಿಗಿಂತ ತುಸು ದೊಡ್ಡ ವಸ್ತು. ಅದಿಲ್ಲದೆ ಲಾರಿ ಅಲುಗುವುದಿಲ್ಲ.

"ನಾಳೆ ನಾಲ್ಕು ಗಂಟೆಗೆ ಗಂಟು ಕಟ್ಕೊಂಡು ಡಿಪೋಗೆ ಬಾ" ಎಂದ ಹೆಂಡತಿಗೆ. "ನೇರ ನಿಮ್ಮಮ್ಮನ ಮನೆಗೇ."

"ಅಮ್ಮನಿಗೆ ಈಗ ಕಣ್ಣು ಮುಚ್ಚೋಕೂ ಆಗ್ತಿಲ್ವಂತೆ ಕಣ್ರೀ. ಎದುರಿನ ಮೈದಾನದಲ್ಲಿ ಸೈನ್ಯದ ಗುಜರಿ ಎಲ್ಲ ತಂದು ಸುರಿದು ದಿನವಿಡೀ ಸುತ್ತಿಗೇಲಿ ಒಡೀತಾರಂತೆ."

"ನಮ್ಮ ಎಂಜಿನ್ ಸದ್ದು ಕೇಳಿದ್ರೆ ಜೋಗುಳ ಅನ್ಕೋತಾರೆ ಬಿಡು."

ಮರುದಿನ ಬೆಳಿಗ್ಗೆ ಗುಮಾಸ್ತ ಗೇಟಿನ ಬಳಿ ಮೇಜು ಹಾಕಿಕೊಂಡು ಹದಿನಾಲ್ಕು ನಿಯಮಗಳನ್ನು ಓದಿದ. ಐದನೆಯದು ಎಲ್ಲರ ಕಿವಿಗೂ ಬಿತ್ತು: ಲಾರಿ ತನ್ನ ಎಂಜಿನ್ನಿನ ಬಲದಲ್ಲೇ, ಸಂಜೆ ಐದರೊಳಗೆ ಗೇಟು ದಾಟಬೇಕು; ಸ್ಟಾರ್ಟ್ ಆಗದಿದ್ದರೆ ಗುಮಾಸ್ತನಿಗೆ ವರದಿ ಮಾಡಿ ಬೇರೆಯದನ್ನು ಆರಿಸಿಕೊಳ್ಳಬಹುದು. ಆರರಿಂದ ಹದಿನಾಲ್ಕರವರೆಗೆ ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಆರನೇ ನಂಬರಿನ ಮೇಲಿತ್ತು.

ಮೊದಲ ಸರದಿ ಸ್ಟೋರ್ ಕೀಪರನದು. ನೆಟ್ಟಗೆ ಆರನೇ ನಂಬರಿಗೇ ಹೋದ. ಎಲ್ಲರಿಗೂ ಬೆನ್ನು ಮಾಡಿ, ಲಾರಿಯ ಕಿವಿಯಲ್ಲಿ ಗುಟ್ಟು ಹೇಳುವವನಂತೆ ಬಾನೆಟ್ಟಿನೊಳಗೆ ಬಗ್ಗಿದ. ನಗುತ್ತ ಎದ್ದು ಸೀಟು ಹತ್ತಿ ಸ್ಟಾರ್ಟ್ ಗುಂಡಿ ಒತ್ತಿದ. ಲಾರಿ ಉಸಿರೂ ಬಿಡಲಿಲ್ಲ. ಅವನ ಮುಖ ಹುಳಿಯಾಯಿತು. ಇಳಿದು ಮತ್ತೊಮ್ಮೆ ಬಗ್ಗಿ, ಎದ್ದು, "ಇದು ಮುಗಿದ ಗಾಡಿ" ಎಂದು ವರದಿ ಕೊಟ್ಟು ಎರಡನೇ ನಂಬರು ಆರಿಸಿಕೊಂಡ.

ಆಮೇಲೆ ವೆಲ್ಡರ್. ಅವನೂ ಬಗ್ಗಿದ, ನಕ್ಕ, ಒತ್ತಿದ, ಬೆವರಿದ, ಮತ್ತೆ ಬಗ್ಗಿದ. "ಹೆಣ ಕಣಯ್ಯ ಇದು." ಟಯರಿನ ದಪ್ಪಣ್ಣ ಬಗ್ಗಲಾರದೆ ಬಗ್ಗಿದ. ಪೇಂಟರ್ ಬಾನೆಟ್ ಮುಟ್ಟದೆ ಹಿಂದಿನಿಂದ ಹೋಗಿ ಹೊಗೆ ಕೊಳವೆಯ ಹತ್ತಿರ ಕೂತೆದ್ದ. ಕಾವಲುಗಾರ ಸೀಟಿನ ಕೆಳಗೆ ತಲೆ ಹಾಕಿದ. ಹೀಗೆ ಹತ್ತು ಜನ. ಮೇಸ್ತ್ರಿ ನೆರಳಲ್ಲಿ ಕೂತು, ಜೇಬಿನ ರೋಟರನ್ನು ಸವರುತ್ತ ಒಳಗೊಳಗೇ ನಗುತ್ತಿದ್ದ. ಪ್ರತಿಯೊಬ್ಬನೂ ಎರಡೆರಡು ಸಲ ಯಾಕೆ ಬಗ್ಗುತ್ತಾನೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ನಾಲ್ಕಕ್ಕೆ ಹತ್ತು ಲಾರಿಗಳು ಗೇಟಿನತ್ತ ಸಾಲುಗಟ್ಟಿದ್ದವು. ಉಳಿದದ್ದು ಆರನೇ ನಂಬರು, ಮೇಸ್ತ್ರಿ, ಮತ್ತು ಗಂಟಿನ ಸಮೇತ ಮುಂದಿನ ಸೀಟಿನಲ್ಲಿ ಕೂತ ಹೆಂಡತಿ.

"ಸೀಟು ಸ್ವಲ್ಪ ಅಲ್ಲಾಡ್ತದೆ ಕಣ್ರೀ."

"ಹನ್ನೆರಡು ವರ್ಷ ಕಾದಿದ್ದೀಯ, ಒಂದು ನಿಮಿಷ ಕೂರು."

ರೋಟರ್ ಕೂರಿಸಿ ಗುಂಡಿ ಒತ್ತಿದ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಬಾನೆಟ್ಟಿನೊಳಗೆ ಸೊಂಟದವರೆಗೂ ಇಳಿದ. ಬ್ಯಾಟರಿಯ ತಂತಿ ಇರಲಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಜೆಟ್ ಇರಲಿಲ್ಲ. ನಾಲ್ಕು ಪ್ಲಗ್ಗುಗಳಿರಬೇಕಾದ ಕಡೆ ನಾಲ್ಕು ತೂತುಗಳು ಅವನನ್ನೇ ದಿಟ್ಟಿಸುತ್ತಿದ್ದವು.

ಮೇಸ್ತ್ರಿ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಮೆಲ್ಲಗೆ ಬಗ್ಗಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು.

ಆ ಚಪ್ಪಲಿ ನೋಡಿ ಮೊದಲು ಕರಗಿದವನು ಸ್ಟೋರ್ ಕೀಪರ್. ತನ್ನ ಲಾರಿಯಿಂದಿಳಿದು ಬಂದು ಎತ್ತಲೋ ನೋಡುತ್ತ, "ಈ ತಂತಿ ಅಲ್ಲೆಲ್ಲೋ ಬಿದ್ದಿತ್ತು ಮೇಸ್ತ್ರಿ" ಎಂದ. ವೆಲ್ಡರನಿಗೂ ಜೆಟ್ ಬಿದ್ದು ಸಿಕ್ಕಿತ್ತು. ದಪ್ಪಣ್ಣ ನಾಲ್ಕು ಪ್ಲಗ್ಗುಗಳನ್ನು ನಾಲ್ಕು ಜೇಬುಗಳಿಂದ ತೆಗೆದ. ಎಂಜಿನ್ನಿನ ಗಂಧಗಾಳಿ ಇಲ್ಲದ ಪೇಂಟರ್ ಹೊಗೆ ಕೊಳವೆಯಿಂದ ತನ್ನದೇ ಹಳೆ ಅಂಗಿಯನ್ನು ಎಳೆದು ತಂದ. ಕಾವಲುಗಾರ ಸೀಟಿನ ಬೋಲ್ಟನ್ನು ಮೇಸ್ತ್ರಿಯ ಹೆಂಡತಿಯ ಕೈಗೇ ಕೊಟ್ಟು, "ತಪ್ಪು ತಿಳೀಬೇಡಿ ಅಕ್ಕ, ನನಗೆ ಕೈಗೆಟುಕಿದ್ದು ಇದೊಂದೇ" ಎಂದ.

"ಅಲ್ರಯ್ಯ, ರಾತ್ರಿ ಕಿತ್ತದ್ದನ್ನ ಕೂರಿಸೋಕೆ ಒಂದ್ಸಲ, ಮತ್ತೆ ಕೀಳೋಕೆ ಒಂದ್ಸಲ ಬಗ್ಗಿದ್ರಾ? ನೀವೆಲ್ಲ ಕಳ್ಳರಾ?" ಎಂದ ಮೇಸ್ತ್ರಿ.

"ನಿನ್ನ ಜೇಬಲ್ಲಿದ್ದದ್ದೇನು, ಪ್ರಸಾದವಾ?" ಎಂದ ವೆಲ್ಡರ್.

ಹನ್ನೊಂದು ಜೋಡಿ ಕೈ ಸೇರಿದವು. ಐದಕ್ಕೆ ಎಂಟು ನಿಮಿಷವಿರುವಾಗ ಆರನೇ ನಂಬರು ಬೆಣ್ಣೆ ಕಾಸಿದಷ್ಟು ಮೆತ್ತಗೆ ಗುನುಗತೊಡಗಿತು. ಮೇಸ್ತ್ರಿ ಮದುಮಗನ ಗತ್ತಿನಲ್ಲಿ ಗೇಟಿಗೆ ತಂದು ನಿಲ್ಲಿಸಿದ.

ಗುಮಾಸ್ತ ಪುಸ್ತಕ ತಿರುವಿ ಕನ್ನಡಕ ಏರಿಸಿದ. "ಇದನ್ನ ಕೊಡೋಕಾಗಲ್ಲ ಮೇಸ್ತ್ರಿಗಳೇ. ಹನ್ನೊಂದನೇ ನಿಯಮ. ಮೂರು ಜನ ಕೆಲಸಗಾರರು ಆಗಲ್ಲ ಅಂದ ಗಾಡಿ ಗುಜರಿ. ಇದಕ್ಕೆ ಹತ್ತು ಜನ ಅಂದಿದ್ದಾರೆ. ನಾಲ್ಕೂವರೆಗೆ ಸಾಹೇಬರು ರುಜು ಹಾಕಿ ಹೋದರು."

"ಸ್ವಾಮಿ, ಗಾಡಿ ಓಡ್ತಾ ಇದೆಯಲ್ಲ."

"ನನಗೂ ಕೇಳಿಸ್ತಿದೆ. ಆದರೆ ಕಾಗದದಲ್ಲಿ ತೀರಿಕೊಂಡಿದೆ."

ಹತ್ತು ಜನರೂ ಮುಂದೆ ಬಂದು, ತಾವು ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಲು ಬಾಯಿ ತೆರೆದರು. ಗುಮಾಸ್ತ ಶಾಂತವಾಗಿ, "ಸುಳ್ಳು ವರದಿ ಕೊಟ್ಟವರ ಗಾಡಿ ವಾಪಸ್. ಹನ್ನೆರಡನೇ ನಿಯಮ" ಎಂದ. ಹತ್ತು ಬಾಯಿಗಳೂ ಮುಚ್ಚಿಕೊಂಡವು.

ಮೇಸ್ತ್ರಿಯ ಮುಖ ನೋಡಿ ಗುಮಾಸ್ತನಿಗೂ ಕನಿಕರವಾಯಿತು. "ಒಂದು ಉಪಕಾರ ಮಾಡಬಹುದು. ಗುಜರಿ ಎಳೆಯೋ ಗಾಡಿ ಬರೋದು ಮುಂದಿನ ವಾರ. ಹೇಗೂ ಓಡ್ತಿದೆಯಲ್ಲ, ನೀವೇ ಗುಜರಿ ಮೈದಾನಕ್ಕೆ ಬಿಟ್ಟು ರಸೀದಿ ತನ್ನಿ. ಏಳೇ ಮೈಲಿ."

ಹೆಂಡತಿ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಮೇಸ್ತ್ರಿ ಅತ್ತೆಯ ಮನೆಯ ಬಾಗಿಲಿಗೇ ಲಾರಿ ತಂದು ಹೆಂಡತಿಯನ್ನು ಇಳಿಸಿದ.

"ಅಳಿಯಂದಿರು ಲಾರಿ ತಗೊಂಡ್ರೇನೇ?" ಎಂದರು ಅತ್ತೆ.

"ಕೊಟ್ಟು ಬರ್ತಾರೆ ಇರಮ್ಮ" ಎಂದಳು ಮಗಳು.

ಎದುರಿನ ಮೈದಾನದಲ್ಲಿ ಮೊದಲ ಸುತ್ತಿಗೆ ಏಟು ಬಿದ್ದಾಗ ಮೇಸ್ತ್ರಿ ರಸೀದಿಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದ.

ಮರುದಿನ ಬೆಳಿಗ್ಗೆ ಇಬ್ಬರೂ ನಡೆದು ಹೊರಟರು. ವೆಲ್ಡರನ ಲಾರಿ ಇಟ್ಟಿಗೆ ಹೇರಿಕೊಂಡು ಎದುರಿನಿಂದ ಬಂದು, ಧೂಳೆಬ್ಬಿಸಿಕೊಂಡು ಹೋಯಿತು. ಆರನೇ ಮೈಲಿಯಲ್ಲಿ ಹೆಂಡತಿ ಚಪ್ಪಲಿ ಕೈಗೆ ತೆಗೆದುಕೊಂಡಳು.

"ವಾಪಸ್ ಕರ್ಕೊಂಡು ಬರ್ತೀನಿ ಅಂತ ನೀವೇನೂ ಹೇಳಿರಲಿಲ್ಲ ಬಿಡಿ" ಎಂದಳು.

ಮೇಸ್ತ್ರಿ ಅವಳ ಗಂಟನ್ನು ತನ್ನ ಹೆಗಲಿಗೇರಿಸಿಕೊಂಡ. ಹನ್ನೆರಡು ವರ್ಷದ ಹಿಂದೆ ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಂಡಿದ್ದ.